ಮೊದಲು ಸಾಹೇಬರ ಫೋಟೊ ಹಾಕಿ

ವೆಬ್‌ಸೈಟ್ ಮಾಡಿಕೊಡುವ ಕಸುಬಿಗೆ ಹೊಸದಾಗಿ ಇಳಿದ ಹುಡುಗ ಹುಡುಗಿಯರೆಲ್ಲ ಒಂದು ತಪ್ಪು ಮಾಡುತ್ತಾರೆ. ಸೈಟು ಇರುವುದು ಬಳಸುವವರಿಗಾಗಿ ಅಂದುಕೊಂಡುಬಿಡುತ್ತಾರೆ. ಯೂಟ್ಯೂಬ್ ನೋಡಿ ಕಲಿತರೆ ಹೀಗೇ ಆಗುವುದು. ಬಳಸುವವರು ನಿಮಗೆ ಯಾವತ್ತಾದರೂ ಚೆಕ್ ಬರೆದುಕೊಟ್ಟಿದ್ದಾರಾ? ಬಿಲ್ ಪಾಸ್ ಮಾಡಿದ್ದಾರಾ? ಅವರು ಬರುತ್ತಾರೆ, ಬೈದುಕೊಳ್ಳುತ್ತಾರೆ, ಹೋಗುತ್ತಾರೆ. ಸೈಟನ್ನು ಒಪ್ಪಿ ಸಹಿ ಹಾಕುವವರು ಬೇರೆ. ಅವರು ಅದನ್ನು ಜೀವಮಾನದಲ್ಲಿ ನೋಡುವುದು ಒಂದೇ ಸಲ, ಅದೂ ಮೀಟಿಂಗ್ ಹಾಲಿನ ಪ್ರೊಜೆಕ್ಟರ್ ಮೇಲೆ, ಗೋಡಂಬಿ ಮೆಲ್ಲುತ್ತಾ. ನಿಮ್ಮ ವಿನ್ಯಾಸವೆಲ್ಲ ಆ ಹತ್ತು ನಿಮಿಷಕ್ಕಾಗಿ. ಈ ಮಾತೊಂದು ತಲೆಗೆ ಹೋದರೆ ಮಿಕ್ಕ ಸಲಹೆಗಳು ತಾವಾಗಿಯೇ ಹೊಳೆಯುತ್ತವೆ. ಆದರೂ ಹೇಳುತ್ತೇನೆ, ಅಂಕಣದ ಜಾಗ ತುಂಬಬೇಕಲ್ಲ.

ಮೊದಲು ಸಾಹೇಬರ ಫೋಟೊ. ಇಲಾಖೆಯಾದರೆ ಸಚಿವರದು, ಸಂಘವಾದರೆ ಅಧ್ಯಕ್ಷರದು, ಕಾಲೇಜಾದರೆ ಟ್ರಸ್ಟಿನ ಸಂಸ್ಥಾಪಕರದು, ಹಾರ ಸಮೇತ. ಕ್ಯಾಮೆರಾದಿಂದ ಬಂದ ಎಂಟು ಎಂಬಿ ಚಿತ್ರವನ್ನು ಹಾಗೆಯೇ ಏರಿಸಿ. ಕುಗ್ಗಿಸಿದರೆ ಗೌರವವೂ ಕುಗ್ಗೀತು. ಅರಸೀಕೆರೆ ದಾಟಿದ ರೈಲಿನಲ್ಲಿ ಕುಳಿತು ಪರೀಕ್ಷೆಯ ಫಲಿತಾಂಶ ನೋಡಲು ಹೆಣಗುತ್ತಿರುವ ಹುಡುಗಿಯ ಮೊಬೈಲಿನಲ್ಲಿ ಸಾಹೇಬರು ಹಣೆಯಿಂದ ಶುರುವಾಗಿ ಮೂಗಿನ ತನಕ ಇಳಿದು ನಿಲ್ಲುತ್ತಾರೆ. ಅಷ್ಟರಲ್ಲಿ ಸಿಗ್ನಲ್ ಹೋಗುತ್ತದೆ. ಚಿತ್ರವನ್ನು ನೂರು ಕೆಬಿಗೆ ಇಳಿಸಿ ಫಲಿತಾಂಶದ ಕೊಂಡಿಯನ್ನು ಅದರ ಮೇಲೆ ಇಡಬಹುದಿತ್ತು ಅಂತ ನಿಮಗೆ ಅನಿಸಿದರೆ ನೀವು ಈ ಕಸುಬಿಗೆ ಲಾಯಕ್ಕಲ್ಲ.

ಒಬ್ಬರ ಫೋಟೊ ಹಾಕಿದರೆ ಇನ್ನೊಬ್ಬರಿಗೆ ಬೇಜಾರು. ಸ್ಲೈಡರ್ ಹುಟ್ಟಿದ್ದೇ ಇಲ್ಲಿ. ಅದು ತಾಂತ್ರಿಕ ಆವಿಷ್ಕಾರ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ಅಧಿಕಾರ ಹಂಚಿಕೆ ಸೂತ್ರ. ಪ್ರತಿಯೊಬ್ಬರಿಗೂ ಮೂರು ಸೆಕೆಂಡು ಗದ್ದುಗೆ. 2006ರಲ್ಲಿ ಮುಖ್ಯಮಂತ್ರಿ ಕುರ್ಚಿಗೆ ಇಪ್ಪತ್ತಿಪ್ಪತ್ತು ತಿಂಗಳ ಒಪ್ಪಂದ ಮಾಡಿಕೊಂಡವರಿಗೆ ಆಗದೆ ಹೋದದ್ದು ಸ್ಲೈಡರಿಗೆ ಆಗುತ್ತದೆ. ಹೊತ್ತಿಗೆ ಸರಿಯಾಗಿ ಜಾಗ ಬಿಟ್ಟುಕೊಡುತ್ತದೆ. ಎರಡನೆಯ ಚಿತ್ರಕ್ಕೆ ಬರುವಷ್ಟರಲ್ಲಿ ನೋಡುಗ ಕೆಳಗೆ ಜಾರಿಹೋಗಿರುತ್ತಾನೆ ಅನ್ನುವುದು ಉಪಾಧ್ಯಕ್ಷರಿಗೆ ಗೊತ್ತಾಗುವ ಅಗತ್ಯವಿಲ್ಲ.

ಓಡುವ ಅಕ್ಷರಗಳನ್ನು ಮರೆಯಬೇಡಿ. ಮಾರ್ಕೀ ಎಂಬ ಈ ಸೌಲಭ್ಯದ ಕಾಲ ಮುಗಿಯಿತೆಂದು ಎಚ್‌ಟಿಎಂಎಲ್ ನಿಯಮಾವಳಿ ಎಂದೋ ಸಾರಿಯಾಗಿದೆ. ಹಳೆಯ ಸೈಟುಗಳ ಮೇಲಿನ ಕನಿಕರಕ್ಕೆ ಬ್ರೌಸರುಗಳು ಇನ್ನೂ ಅದನ್ನು ಓಡಿಸುತ್ತಿವೆ. ಆ ಕನಿಕರದ ಪೂರ್ತಿ ಲಾಭ ಪಡೆಯಿರಿ. ಅರ್ಜಿ ಹಾಕಲು ಕೊನೆಯ ದಿನಾಂಕವನ್ನು ಅದರೊಳಗೇ ಇಡಿ, ಸ್ವಾಗತ ಭಾಷಣದ ನಂತರ ಬರುವಂತೆ. ಒಮ್ಮೆ ತಪ್ಪಿಸಿಕೊಂಡವನು ಮತ್ತೆ ಸ್ವಾಗತದಿಂದ ಶುರುಮಾಡಲಿ. ಬ್ಲಿಂಕ್ ಎಂಬ ಮಿನುಗುವ ಅಕ್ಷರದ ಕಥೆ ಇನ್ನೂ ಸ್ವಾರಸ್ಯ. ನೆಟ್‌ಸ್ಕೇಪ್‌ನ ಲೂ ಮೊಂಟುಲಿ ಬಾರಿನಲ್ಲಿ ಕುಳಿತು ತಮಾಷೆಗೆ ಆಡಿದ ಮಾತನ್ನು ಜೊತೆಗಿದ್ದ ಇಂಜಿನಿಯರೊಬ್ಬ ರಾತ್ರೋರಾತ್ರಿ ನಿಜ ಮಾಡಿಬಿಟ್ಟನಂತೆ, ಮೊಂಟುಲಿಯೇ ಹೇಳಿಕೊಂಡಿದ್ದಾರೆ. ಅದೇ ಪುಣ್ಯಾತ್ಮರು 1994ರಲ್ಲಿ ಕುಕಿಯನ್ನೂ ಕೊಟ್ಟರು. ಫೈರ್‌ಫಾಕ್ಸ್ 2013ರಲ್ಲಿ ಬ್ಲಿಂಕನ್ನು ಕೈಬಿಟ್ಟಿತು. ನಮ್ಮವರು ಎದೆಗುಂದಲಿಲ್ಲ. ಕೆಂಪು ಹಳದಿಯಲ್ಲಿ ಮಿಣಮಿಣ ಎನ್ನುವ 'ನ್ಯೂ' ಎಂಬ ಪುಟಾಣಿ ಜಿಫ್ ಚಿತ್ರವನ್ನು ತಂದು 2017ರ ಟೆಂಡರ್ ಪ್ರಕಟಣೆಯ ಪಕ್ಕದಲ್ಲಿ ಕೂರಿಸಿದರು. ಅದು ಇನ್ನೂ ಹೊಸದಾಗಿಯೇ ಇದೆ. ಅಡಿಯಲ್ಲಿ, ಈ ತಾಣ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಚೆನ್ನಾಗಿ ಕಾಣುತ್ತದೆ ಎಂಬ ಸಾಲೂ ಇರಲಿ. ಮೈಕ್ರೋಸಾಫ್ಟ್ 2022ರ ಜೂನ್ 15ರಂದು ಆ ಬ್ರೌಸರಿಗೆ ಎಳ್ಳುನೀರು ಬಿಟ್ಟದ್ದು ನಿಜ, ಆದರೆ ನಮ್ಮ ಕಡೆಯಿಂದ ಸೂತಕ ಇನ್ನೂ ಕಳೆದಿಲ್ಲ.

ಇನ್ನು ತೂಕ. ಟಿಮ್ ಬರ್ನರ್ಸ್ ಲೀ 1991ರಲ್ಲಿ ಸರ್ನ್ ಪ್ರಯೋಗಾಲಯದಿಂದ ಜಗತ್ತಿಗೆ ತೆರೆದಿಟ್ಟ ಮೊದಲ ವೆಬ್‌ಸೈಟು ಇವತ್ತಿಗೂ ನಿಮ್ಮ ಮೊಬೈಲಿನಲ್ಲಿ ತಟ್ಟನೆ ಮೂಡುತ್ತದೆ. ಕಾರಣ ಅದರಲ್ಲಿ ಏನೂ ಇಲ್ಲ, ವಿಷಯ ಬಿಟ್ಟು. ಇಂಥ ಪ್ರಮಾದ ನಿಮ್ಮಿಂದ ಆಗಬಾರದು. ಊರಿನ ಕಲ್ಯಾಣ ಮಂಟಪಕ್ಕೆ ಸೈಟು ಮಾಡಬೇಕು ಅಂದುಕೊಳ್ಳಿ. ಜನಕ್ಕೆ ಬೇಕಾದ್ದು ಬಾಡಿಗೆ ಎಷ್ಟು, ಯಾವ ಮುಹೂರ್ತ ಖಾಲಿ ಇದೆ, ಯಾರಿಗೆ ಫೋನ್ ಮಾಡಬೇಕು. ಕೈಯಲ್ಲಿ ಬರೆದರೆ ಒಂದು ಪುಟ, ಒಂದು ಮಧ್ಯಾಹ್ನದ ಕೆಲಸ. ಅಷ್ಟಕ್ಕೆ ದುಡ್ಡು ಯಾರು ಕೊಡುತ್ತಾರೆ? ಅದಕ್ಕಾಗಿ ಒಂದು ಫ್ರೇಮ್‌ವರ್ಕ್ ತನ್ನಿ. ಅದು ತನ್ನ ನೆಂಟರಿಷ್ಟರನ್ನೆಲ್ಲ ಕರೆತರುತ್ತದೆ, ನೀವು ಹೆಸರೇ ಕೇಳದ ಸಾವಿರಾರು ಪ್ಯಾಕೇಜುಗಳು ಫೋಲ್ಡರಿನಲ್ಲಿ ಹಾಸಿಗೆ ಬಿಚ್ಚುತ್ತವೆ. 2016ರ ಮಾರ್ಚಿನಲ್ಲಿ ಏನಾಯಿತು ಗೊತ್ತಲ್ಲ? ಹೆಸರಿನ ತಕರಾರಿನಿಂದ ಬೇಸತ್ತ ಡೆವಲಪರ್ ಒಬ್ಬ ತನ್ನ ಪ್ಯಾಕೇಜುಗಳನ್ನೆಲ್ಲ ಎನ್‌ಪಿಎಂ ಉಗ್ರಾಣದಿಂದ ಹಿಂತೆಗೆದುಕೊಂಡ. ಅದರಲ್ಲಿ ಲೆಫ್ಟ್‌ಪ್ಯಾಡ್ ಅನ್ನುವುದೂ ಇತ್ತು. ಪದದ ಎಡಕ್ಕೆ ಖಾಲಿ ಜಾಗ ತುಂಬುವ ಹನ್ನೊಂದು ಸಾಲಿನ ಕೋಡು ಅದು. ಜಗತ್ತಿನ ಎಷ್ಟೋ ದೊಡ್ಡ ಕಂಪನಿಗಳ ಕೆಲಸ ಕೆಲವು ಗಂಟೆ ನಿಂತುಹೋಯಿತು. ಎಡಕ್ಕೆ ಖಾಲಿ ಜಾಗ ಹಾಕುವುದು ಹೇಗೆಂದು ಅವರ್‍ಯಾರಿಗೂ ತಿಳಿಯದೆ ಅಲ್ಲ. ತಾವು ಬೇರೆಯವರಿಂದ ಅದನ್ನು ತಂದಿದ್ದೇವೆಂಬುದೇ ಗೊತ್ತಿರಲಿಲ್ಲ. ನಮ್ಮ ಕಲ್ಯಾಣ ಮಂಟಪವೂ ಆ ಮಟ್ಟಕ್ಕೆ ಏರಬೇಕು. ಮೂಗಿಗಿಂತ ಮೂಗುತಿ ಭಾರ ಎಂದು ಯಾರಾದರೂ ಆಡಿಕೊಂಡರೆ 'ಸ್ಕೇಲಬಿಲಿಟಿ' ಎಂಬ ಮಂತ್ರ ಹೇಳಿ ಬಾಯಿ ಮುಚ್ಚಿಸಿ. ಜೇಕಬ್ ನೀಲ್ಸನ್ ಎಂಬ ತಜ್ಞರು 1993ರಲ್ಲೇ ಲೆಕ್ಕ ಕೊಟ್ಟಿದ್ದರು. ಒಂದು ಸೆಕೆಂಡಿನೊಳಗೆ ಉತ್ತರ ಬಂದರೆ ಮನುಷ್ಯನ ಯೋಚನೆಯ ಎಳೆ ಕಡಿಯುವುದಿಲ್ಲ, ಹತ್ತು ಸೆಕೆಂಡು ದಾಟಿದರೆ ಅವನ ಗಮನ ಬೇರೆಡೆ ಹೋಗುತ್ತದೆ. ಹತ್ತು ಸೆಕೆಂಡನ್ನು ಅವರು ಮಿತಿ ಎಂದರು, ನಾವು ಗುರಿ ಎಂದು ಓದಿಕೊಂಡೆವು.

ಕನ್ನಡದ ವಿಷಯಕ್ಕೆ ಬರೋಣ. ಇಲ್ಲಿ ನಿಮ್ಮ ಪ್ರತಿಭೆಗೆ ಎಲ್ಲೆಯೇ ಇಲ್ಲ. ಬಲತುದಿಯಲ್ಲಿ 'ಕನ್ನಡ' ಎಂಬ ಬಟನ್ ಇಡಿ. ಒತ್ತಿದರೆ ಇಲಾಖೆಯ ಹೆಸರು ಮಾತ್ರ ಕನ್ನಡವಾಗಲಿ, ಉಳಿದದ್ದು ಇಂಗ್ಲಿಷಿನಲ್ಲೇ ಇರಲಿ. ನವೆಂಬರಿನಲ್ಲಿ ಪರಿಶೀಲನೆಗೆ ಬಂದವರು ಹೆಸರು ನೋಡಿ ಹೋಗುತ್ತಾರೆ. ವಿನ್ಯಾಸ ಮಾಡುವಾಗ ತುಂಬಲು ಲೋರೆಮ್ ಇಪ್ಸಮ್ ಬಳಸಿ. ಆ ಲ್ಯಾಟಿನ್ ಅಕ್ಷರಗಳಿಗೆ ಒತ್ತೂ ಇಲ್ಲ, ದೀರ್ಘವೂ ಇಲ್ಲ, ಸಾಲಿನ ಎತ್ತರ ಬಿಗಿಯಾಗಿ ಇಟ್ಟರೂ ಅಚ್ಚುಕಟ್ಟಾಗಿ ಕೂರುತ್ತವೆ. ಆಮೇಲೆ ಅದೇ ಡಬ್ಬಿಗೆ ಕನ್ನಡ ಸುರಿಯಿರಿ. ಲೈನ್‌ಹೈಟ್ ಒಂದು, ಓವರ್‌ಫ್ಲೋ ಹಿಡನ್. ಕೆಳಗಿನ ಒತ್ತಕ್ಷರಗಳೆಲ್ಲ ಕಚಕ್ಕನೆ ಕತ್ತರಿಸಿಹೋಗುತ್ತವೆ. ಹಳ್ಳಿ ಹಳಿಯಾಗುತ್ತದೆ, ಕಲ್ಲು ಕಲು ಆಗುತ್ತದೆ. 'ಇಲ್ಲಿ ಒತ್ತಿ' ಎಂದು ಬರೆದ ಹಸಿರು ಬಟನ್ 'ಇಲಿ ಒತಿ' ಎಂದು ಓದಿಸಿಕೊಳ್ಳುತ್ತಾ ಸಾರ್ವಜನಿಕ ಸೇವೆಗೆ ನಿಲ್ಲುತ್ತದೆ. ಸಾಲಿನ ಎತ್ತರವನ್ನು 1.6ಕ್ಕೆ ಏರಿಸಿ, ಬಟನ್ನಿನ ಕೆಳಗೆ ಒಂದಿಷ್ಟು ಜಾಗ ಬಿಟ್ಟು, ರಾಷ್ಟ್ರ, ಸ್ತ್ರೀ, ಲಕ್ಷ್ಮೀ ಎಂಬ ಮೂರು ಪದ ಹಾಕಿ ನೋಡಿದ್ದರೆ ಸಾಕಿತ್ತು. ಆದರೆ ಹಾಗೆ ನೋಡಲು ತಂಡದಲ್ಲಿ ಕನ್ನಡ ಓದುವವರು ಒಬ್ಬರಾದರೂ ಇರಬೇಕು. ಇದ್ದರೆ ಅವರನ್ನು ಅಮೆರಿಕದ ಪ್ರಾಜೆಕ್ಟಿಗೆ ಹಾಕಿರುತ್ತಾರೆ.

ಲಕ್ಷ್ಮೀ ಎಂದೆನಲ್ಲ, ಆಕೆಯ ಪಾಡು ಕೇಳಿ. ಕಣ್ಣಿಗೆ ಎರಡಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಏಳು ಸಂಕೇತ. ಯುಟಿಎಫ್-8 ಬೈಟುಗಳಲ್ಲಿ ಎಣಿಸಿದರೆ 21. ಹೆಸರಿನ ಕಾಲಮ್ಮಿಗೆ 20 ಬೈಟು ಸಾಕು ಎಂದು ಡೇಟಾಬೇಸ್ ಕಟ್ಟಿದವನು ಲಕ್ಷ್ಮಿಯ ಕೊನೆಯ ದೀರ್ಘಕ್ಕೆ ಕೊಡಲಿ ಹಾಕಿದ ಹಾಗೇ. ಅಕ್ಷರಗಳು ಒಂದೊಂದಾಗಿ ಕುಣಿಯುತ್ತಾ ಬರುವ ಅನಿಮೇಷನ್ ಹಾಕಿದರೆ ಸ್ತ್ರೀ ಎಂಬುದು ಸ, ತ, ರ ಎಂದು ಬೇರೆಬೇರೆಯಾಗಿ, ನಡುವೆ ಅನಾಥ ಅರ್ಧಚಿಹ್ನೆಗಳು ತೇಲಾಡುತ್ತವೆ. ಎಸ್‌ಎಂಎಸ್ ಕಳಿಸುವುದಾದರೂ ಅಷ್ಟೆ: ಇಂಗ್ಲಿಷಿಗೆ 160 ಅಕ್ಷರದ ಜಾಗ, ಕನ್ನಡಕ್ಕೆ 70 ಸಂಕೇತ. ಅಭಿನಂದನೆ ಹೇಳಿ ಮುಗಿಸುವಷ್ಟರಲ್ಲಿ ಒಂದು ಸಂದೇಶ ಮುಗಿದಿರುತ್ತದೆ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, ಅಂದರೆ ಮೊದಲ ವೆಬ್‌ಸೈಟು ಬಂದ ಅದೇ 1991ರಲ್ಲಿ, ಕನ್ನಡಕ್ಕೆ ಸೀಟು ಸಿಕ್ಕಿದೆ. ನಾವು ಮಾತ್ರ ಇನ್ನೂ ಸುತ್ತೋಲೆಯನ್ನು ಹಳೆಯ ಫಾಂಟಿನಲ್ಲಿ ಟೈಪು ಮಾಡಿ, ಪ್ರಿಂಟು ತೆಗೆದು, ಸೀಲು ಹಾಕಿ, ಸೊಟ್ಟಗೆ ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಏರಿಸುತ್ತೇವೆ. ಹುಡುಕಿದರೆ ಸಿಗುವುದಿಲ್ಲ, ನಕಲು ಮಾಡಿದರೆ ಚಿತ್ರಲಿಪಿ. ಮಾಹಿತಿ ಹಕ್ಕಿಗೂ ತಲೆಬಾಗಿದಂತಾಯಿತು, ಮಾಹಿತಿಯೂ ಕ್ಷೇಮವಾಗಿ ಉಳಿಯಿತು.

ಫಾರ್ಮ್ ಮಾಡುವಾಗ ಕಟ್ಟುನಿಟ್ಟಾಗಿರಿ. ಫಸ್ಟ್ ನೇಮ್, ಲಾಸ್ಟ್ ನೇಮ್ ಎರಡೂ ಕಡ್ಡಾಯ, ಲಾಸ್ಟ್ ನೇಮ್ ಕನಿಷ್ಠ ಮೂರು ಅಕ್ಷರ. ನಮ್ಮಲ್ಲಿ ಬಹಳ ಜನಕ್ಕೆ ಇರುವುದು ಒಂದು ಹೆಸರು, ಹಿಂದೆ ಊರಿನದೋ ಅಪ್ಪನದೋ ಒಂದು ಇನಿಷಿಯಲ್. ಹಾಗಾಗಿ ಮಂಜುಳಾ ಎಂಬಾಕೆ ಮಂಜುಳಾ ಮಂಜುಳಾ ಆಗಿ ನೋಂದಣಿಯಾಗುತ್ತಾಳೆ. ಮುಂದೆ ಇನ್ನೊಂದು ಕಚೇರಿ, ಆಧಾರಿಗೂ ಇದಕ್ಕೂ ಹೆಸರು ತಾಳೆಯಾಗುತ್ತಿಲ್ಲ ಎಂದು ಅಫಿಡವಿಟ್ ಕೇಳುತ್ತದೆ. ನೋಟರಿಗೂ ಹೊಟ್ಟೆ ಇದೆ. ಫೋಟೊ 50 ಕೆಬಿ ಮೀರಬಾರದು, ಆದರೆ ಆ ಮಾತನ್ನು ಮೊದಲೇ ಹೇಳಬೇಡಿ. ಎಲ್ಲ ತುಂಬಿ ಕೊನೆಯ ಬಟನ್ ಒತ್ತಿದ ಮೇಲೆ 'ಇನ್‌ವ್ಯಾಲಿಡ್ ಇನ್‌ಪುಟ್' ಎಂದಷ್ಟೇ ಕೆಂಪಗೆ ತೋರಿಸಿ, ತುಂಬಿದ್ದನ್ನೆಲ್ಲ ಅಳಿಸಿಬಿಡಿ. ಸಾಹೇಬರ ಫೋಟೊಗೆ ಎಂಟು ಎಂಬಿ, ಪ್ರಜೆಯ ಫೋಟೊಗೆ 50 ಕೆಬಿ. ಇಬ್ಬರ ನಡುವೆ ಎಷ್ಟು ಅಂತರವಿದೆ ಎಂದು ಇಷ್ಟು ನಿಖರವಾಗಿ ಇನ್ನಾರೂ ಅಳೆದಿಲ್ಲ.

ಈ ಫಾರ್ಮುಗಳ ನಿಜವಾದ ಬಳಕೆದಾರನನ್ನು ನೋಡಬೇಕಾದರೆ ಯಾವುದಾದರೂ ತಾಲ್ಲೂಕು ಕಚೇರಿಯ ಎದುರಿನ ಸೈಬರ್ ಸೆಂಟರಿಗೆ ಹೋಗಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಲ್ಯಾಮಿನೇಷನ್ನಿನ ಬಿಸಿ ವಾಸನೆ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಹುಡುಗ ಕೈಬರಹದಲ್ಲಿ ಬರೆದಿಟ್ಟಿರುತ್ತಾನೆ: ಈ ಸೈಟಿನಲ್ಲಿ ಬ್ಯಾಕ್ ಒತ್ತಬಾರದು, ಆ ಸೈಟಿನಲ್ಲಿ ಜಿಲ್ಲೆಯನ್ನು ಎರಡು ಸಲ ಆರಿಸಬೇಕು, ಇನ್ನೊಂದು ಬೆಳಿಗ್ಗೆ ಒಂಬತ್ತರೊಳಗೆ ಮಾತ್ರ ತೆರೆಯುತ್ತದೆ. ವೆಬ್ ಡೆವಲಪರುಗಳಿಗೆ ಇದಕ್ಕಿಂತ ಒಳ್ಳೆಯ ಕೈಪಿಡಿ ನಾನು ಕಂಡಿಲ್ಲ.

"ಅಜ್ಜಿ, ಒಟಿಪಿ ಬಂತಾ ನೋಡವ್ವಾ."

"ಬಂದಿತ್ತು ಕಣಪ್ಪಾ, ಕನ್ನಡಕ ಹಾಕ್ಕಳದ್ರೊಳಗೆ ಟೈಮು ಮುಗೀತಂತೆ."

"ಇನ್ನೊಂದ್ಸಲ ಕಳಿಸ್ತೀನಿ, ಇರು. ಅಯ್ಯೋ, ಲಾಗೌಟ್ ಆಯ್ತಲ್ಲ. ಶುರುವಿಂದ ಹೋಗ್ಬೇಕು."

ಅರ್ಜಿಯೊಂದಕ್ಕೆ ಐವತ್ತು ರೂಪಾಯಿ. ನೀವು ಸರಿಯಾದ ಫಾರ್ಮ್ ಮಾಡಿದರೆ ಈ ಹುಡುಗನ ಹೊಟ್ಟೆಯ ಮೇಲೆ ಹೊಡೆದಂತೆ. ಸರ್ಕಾರ ಉದ್ಯೋಗ ಸೃಷ್ಟಿಗೆ ಎಷ್ಟೆಲ್ಲ ಯೋಜನೆ ಹಾಕಿದೆ, ಒಂದೂ ಇಷ್ಟು ಫಲ ಕೊಟ್ಟಿಲ್ಲ. ಮನೆಯಲ್ಲೇ ಕುಳಿತು ಅರ್ಜಿ ಹಾಕಿ ಎಂಬ ಜಾಹೀರಾತು ಇದೇ ಅಂಗಡಿಯ ಗೋಡೆಯ ಮೇಲೆ ರಾರಾಜಿಸುವುದನ್ನು ನೋಡಿ ಕಣ್ತುಂಬಿಕೊಳ್ಳಿ.

ಅವನ ಟೇಬಲ್ಲಿನ ಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ಕೂ ಇರುತ್ತದೆ. ಊರಿನವರ ಪಾಸ್‌ವರ್ಡೆಲ್ಲ ಅದರಲ್ಲಿದೆ. ಒಂದು ದೊಡ್ಡಕ್ಷರ, ಒಂದು ಸಣ್ಣಕ್ಷರ, ಒಂದು ಅಂಕಿ, ಒಂದು ಚಿಹ್ನೆ, ಮೂರು ತಿಂಗಳಿಗೊಮ್ಮೆ ಬದಲಾವಣೆ ಎಂದು ನೀವು ಹಾಕಿದ ಬೀಗಗಳೆಲ್ಲ ಕೊನೆಗೆ ಆ ನೋಟ್‌ಬುಕ್ಕಿಗೆ ಬಂದು ಸೇರಿವೆ. ಈ ನಿಯಮಗಳನ್ನು 2003ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆಗೆ ಬರೆದುಕೊಟ್ಟ ಬಿಲ್ ಬರ್ ಎಂಬವರು 2017ರಲ್ಲಿ ಪತ್ರಿಕೆಯ ಮುಂದೆ ಪಶ್ಚಾತ್ತಾಪ ಪಟ್ಟಾಗಿದೆ. ಅದೇ ವರ್ಷ ಆ ಸಂಸ್ಥೆ ಹೊಸ ಮಾರ್ಗಸೂಚಿಯನ್ನೂ ತಂದಿತು. ಅದರ ಸಾರ ಇಷ್ಟು: ಉದ್ದದ ಪಾಸ್‌ವರ್ಡಿಗೆ ಅವಕಾಶ ಕೊಡಿ, ಪೇಸ್ಟ್ ಮಾಡಲು ಬಿಡಿ, ಸುಮ್ಮಸುಮ್ಮನೆ ಬದಲಿಸಿ ಎಂದು ಪೀಡಿಸಬೇಡಿ. ಬರೆದವರೇ ಕೈಬಿಟ್ಟರೂ ನಾವು ಬಿಟ್ಟಿಲ್ಲ. ಗುರುವಿಗಿಂತ ಶಿಷ್ಯನಿಗೆ ನಿಷ್ಠೆ ಹೆಚ್ಚು. ಪೇಸ್ಟ್ ಬಂದ್, ರೈಟ್ ಕ್ಲಿಕ್ ಬಂದ್. ಕೊನೆಗೆ ಒಂದು ಕ್ಯಾಪ್ಚಾ. ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ, ಒಂದೋ ಎಲ್ಲೋ ಎಂದು ರೋಬಾಟಿಗೂ ಗೊತ್ತಾಗಬಾರದು, ಮನುಷ್ಯನಿಗಂತೂ ಗೊತ್ತಾಗಲೇಬಾರದು.

ಅಂಗವಿಕಲರ ವಿಷಯದಲ್ಲಿ ನಾವು ಹಿಂದೆ ಬಿದ್ದಿದ್ದೇವೆಂದು ಯಾರೂ ಹೇಳುವಂತಿಲ್ಲ. ಕೇಂದ್ರ ಸರ್ಕಾರದ ವೆಬ್‌ಸೈಟ್ ಮಾರ್ಗಸೂಚಿ 2009ರಿಂದ ಇದೆ, ಮೂರನೆಯ ಆವೃತ್ತಿ 2023ರಲ್ಲಿ ಬಂತು. ಅದನ್ನು ಪಾಲಿಸಿದ್ದಕ್ಕೆ ಸಾಕ್ಷಿಯಾಗಿ ಪುಟದ ತಲೆಯ ಮೇಲೆ ಎ ಪ್ಲಸ್, ಎ, ಎ ಮೈನಸ್ ಎಂಬ ಮೂರು ಗುಂಡಿ ಇಡುತ್ತೇವೆ. ಒತ್ತಿದರೆ ಏನೂ ಆಗದಿದ್ದರೂ ಪರವಾಗಿಲ್ಲ, ಪರಿಶೀಲನಾ ಪಟ್ಟಿಯಲ್ಲಿ ಕೇಳುವುದು ಗುಂಡಿ ಇದೆಯೇ ಎಂದು ಮಾತ್ರ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಬಣ್ಣದ ಅಂತರವಿರಬೇಕೆಂದು ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ತಿಳಿಬೂದಿಯ ಮೇಲೆ ಬೂದಿ ಬಳಿದರೆ ಪ್ರೊಜೆಕ್ಟರಿನಲ್ಲಿ ಬಹಳ ಶ್ರೀಮಂತವಾಗಿ ಕಾಣುತ್ತದೆ, ಮಟಮಟ ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ನಿಂತವನಿಗೆ ಅಷ್ಟಾಗಿ ಕಾಣುವುದಿಲ್ಲ, ಅಷ್ಟೇ. ಕನ್ನಡ ಪುಟದ ಕೋಡಿನಲ್ಲಿ ಭಾಷೆ ಇಂಗ್ಲಿಷ್ ಎಂದೇ ಬಿಟ್ಟುಬಿಡಿ. ದೃಷ್ಟಿಯಿಲ್ಲದವರ ಸ್ಕ್ರೀನ್ ರೀಡರ್ ನಮ್ಮ ಕನ್ನಡವನ್ನು ಇಂಗ್ಲಿಷ್ ಧ್ವನಿಯಲ್ಲಿ ಓದಲು ಹೋಗಿ ತೊದಲುತ್ತದೆ, ಇಲ್ಲವೇ ಮೌನ ತಾಳುತ್ತದೆ. ಲ್ಯಾಂಗ್ ಎಂಬ ಜಾಗದಲ್ಲಿ ಕೆ, ಎನ್ ಎಂಬ ಎರಡಕ್ಷರ ಟೈಪು ಮಾಡಿದರೆ ಸರಿಹೋಗುತ್ತಿತ್ತು. ಆದರೆ ಅದು ಪ್ರೊಜೆಕ್ಟರಿನಲ್ಲಿ ಕಾಣುವುದಿಲ್ಲವಲ್ಲ.

ಅಕ್ಷರ ಮಿನುಗಿಸುವುದನ್ನು ಬಿಟ್ಟ ಮೇಲೆ ನಮ್ಮ ಜನ ಮನುಷ್ಯರನ್ನು ಮಿನುಗಿಸಲು ಹೊರಟರು. ಬ್ಯಾಂಕಿನ ಇ-ಕೆವೈಸಿಯಲ್ಲಿ ನೀವು ಬದುಕಿದ್ದೀರೆಂದು ತೋರಿಸಲು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕು. ಆಸಿಡ್ ದಾಳಿಯಲ್ಲಿ ಕಣ್ಣು ಹಾಳಾದ ಮಹಿಳೆಯೊಬ್ಬರಿಗೆ ಅದು ಆಗಲಿಲ್ಲ. ಖಾತೆ ತೆರೆಯುವ ಇಷ್ಟು ಸಣ್ಣ ಕೆಲಸ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಡಿಜಿಟಲ್ ಸೇವೆ ಎಟುಕುವುದೂ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಕೋರ್ಟು 2025ರ ಏಪ್ರಿಲ್ 30ರಂದು ಹೇಳಬೇಕಾಯಿತು. ಒಂದು ಪರದೆ ಬರೆಯುವಾಗ 'ಮಿಟುಕಿಸಲಾಗದಿದ್ದರೆ?' ಎಂದು ಒಬ್ಬ ಕೇಳಿದ್ದರೆ ಸಾಕಿತ್ತು. ಇಲ್ಲಿ ನನಗೆ ವ್ಯಂಗ್ಯ ಹೊಳೆಯುತ್ತಿಲ್ಲ, ಮುಂದೆ ಹೋಗೋಣ.

ನಮ್ಮ ಡೆವಲಪರುಗಳಿಗೆ ಕೆಲಸ ಬರುವುದಿಲ್ಲ, ಅದಕ್ಕೇ ಸೈಟುಗಳು ಹೀಗಿವೆ ಎಂದು ನೀವು ಭಾವಿಸಿದ್ದರೆ ದುಡ್ಡು ಕಟ್ಟುವ ಪುಟವನ್ನು ನೋಡಿ. ಟಿಕೆಟ್ಟೋ ಊಟವೋ ತರಿಸುವ ಆ್ಯಪಿನಲ್ಲಿ ಆ ಬಟನ್ ಎಷ್ಟು ದೊಡ್ಡದು, ಎಷ್ಟು ಚುರುಕು! ಅಲ್ಲಿ ಸರ್ವರ್ ಡೌನ್ ಆಗುವುದಿಲ್ಲ, ಸೆಷನ್ ಮುಗಿಯುವುದಿಲ್ಲ, ಲಾಸ್ಟ್ ನೇಮ್ ಬೇಕಿಲ್ಲ. ಹದಿನೈದು ರೂಪಾಯಿಯ ವಿಮೆಗೆ ನಿಮ್ಮ ಪರವಾಗಿ ಅವರೇ ಟಿಕ್ ಹಾಕಿರುತ್ತಾರೆ. ತೆಗೆಯಲು ಹೋದರೆ 'ಬೇಡ, ನನಗೆ ನನ್ನ ಕುಟುಂಬದ ಸುರಕ್ಷತೆ ಮುಖ್ಯವಲ್ಲ' ಎಂಬ ಬೂದಿಬಣ್ಣದ ಸಾಲನ್ನು ಒತ್ತಬೇಕು. ಎರಡೇ ಸೀಟು ಉಳಿದಿವೆ ಎಂದು ಗಡಿಯಾರ ಓಡುತ್ತದೆ. ಮುಗಿದ ಮೇಲೆ ಮತ್ತೆ ಎರಡೇ ಸೀಟು ಉಳಿಯುತ್ತವೆ. ಇದಕ್ಕೆ ಡಾರ್ಕ್ ಪ್ಯಾಟರ್ನ್ ಎಂದು ಹ್ಯಾರಿ ಬ್ರಿಗ್ನಲ್ 2010ರಲ್ಲಿ ಹೆಸರಿಟ್ಟರು. ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಗಳನ್ನು ಉದಾಹರಣೆ ಸಮೇತ ಪಟ್ಟಿ ಮಾಡಿ ನಿಷೇಧಿಸಿತು. ಹೊಸಬರು ಈ ಪಟ್ಟಿಯನ್ನು ತಪ್ಪದೆ ಓದಬೇಕು. ಇಷ್ಟು ಒಳ್ಳೆಯ ಸಿಲಬಸ್ಸನ್ನು ಸರ್ಕಾರ ಪುಕ್ಕಟೆ ಕೊಟ್ಟದ್ದು ಇದೇ ಮೊದಲು. ಸದಸ್ಯತ್ವ ಸೇರುವುದು ಒಂದು ಬಟನ್, ಬಿಡುವುದಕ್ಕೆ ಏಳು ಪರದೆ ಮತ್ತು ಒಂದು ಫೋನ್ ಕರೆ. ಅದೇ ಕೈ, ಅದೇ ಕೀಬೋರ್ಡು. ಪಡೆಯುವಾಗ ಬರುವ ಕುಶಲತೆ ಕೊಡುವಾಗ ಎಲ್ಲಿ ಹೋಗುತ್ತದೋ!

ಕೊನೆಗೆ ನಿರ್ವಹಣೆ. ಎಎಂಸಿ ಹಣವನ್ನು ಮುಂಗಡ ತೆಗೆದುಕೊಂಡು ಫೋನ್ ನಂಬರ್ ಬದಲಿಸಿ. ಡೊಮೇನ್ ನವೀಕರಣದ ನೆನಪೋಲೆ ಹೋಗುವುದು ವರ್ಗವಾಗಿ ಹೋದ ಅಧಿಕಾರಿಯ ಇಮೇಲಿಗೆ, ಇಲ್ಲವೇ ಕೆಲಸ ಬಿಟ್ಟ ಕಾಲೇಜು ಗುಮಾಸ್ತನ ಇಮೇಲಿಗೆ. ಅವರು ನೋಡುವುದಿಲ್ಲ. ಅವಧಿ ಮುಗಿದ ವಿಳಾಸವನ್ನು ಜೂಜಿನವರು ಕೊಂಡುಕೊಳ್ಳುವುದು ಈಗ ಮಾಮೂಲು. ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರಲ್ಲಿ ನಿಷೇಧಿಸಿದರೂ ಅವರ ಉತ್ಸಾಹ ಬತ್ತಿಲ್ಲ. ನಿಮ್ಮ ಹಳೆಯ ಸೈಟಿನ ವಿಳಾಸದಲ್ಲಿ ರಮ್ಮಿ ಆಡಿಸುವವರು ಬಂದು ಕೂತಿದ್ದರೆ ಸಂಕೋಚಪಡದೆ ಒಮ್ಮೆ ತೆರೆದು ನೋಡಿ. ಒಂದು ಸೆಕೆಂಡಿಗೆ ಮೂಡುತ್ತದೆ. ಸ್ಲೈಡರ್ ಇಲ್ಲ, ಹಾರ ಹಾಕಿದ ಫೋಟೊ ಇಲ್ಲ. ಏಳು ಸಾವಿರದ ಮೊಬೈಲಿನಲ್ಲೂ ಪಕ್ಕಾ ಕೂರುತ್ತದೆ. ಬಿಸಿಲಿನಲ್ಲೂ ಅಕ್ಷರ ಎದ್ದು ಕಾಣುತ್ತದೆ. ನಿಮ್ಮ ಅಪ್ಪನ ಹೆಸರು ಕೇಳುವುದಿಲ್ಲ. ಪೂರ್ತಿ ಕನ್ನಡದಲ್ಲಿರುತ್ತದೆ, ಬಟನ್ ಮೇಲಿನ ಒತ್ತಕ್ಷರ ಒಂದೂ ಕತ್ತರಿಸಿರುವುದಿಲ್ಲ.